ಅಂಕಿಯ ಹಿಂದಿನ ಹೆಸರು: ಸಂಶೋಧನ ಬರವಣಿಗೆಯಲ್ಲಿ ಸಂಖ್ಯಾ ಉಲ್ಲೇಖದ ಚರಿತ್ರೆ

೧

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ ಪಾರ್ಶ್ವನಾಥ ಬಸದಿಯಲ್ಲಿ ನಾಲ್ಕೂ ಮುಖಗಳಲ್ಲಿ ಬರಹ ತುಂಬಿಕೊಂಡ ಒಂದು ಕಂಬವಿದೆ. ಕ್ರಿ.ಶ. ೧೧೨೯ರಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಮಲ್ಲಿಷೇಣ ಮಲಧಾರಿದೇವನ ಸ್ಮರಣೆಗಾಗಿ ನಿಂತ ಈ ಕಂಬದ ಬರಹವು ವಿದ್ವತ್‌ಲೋಕದಲ್ಲಿ 'ಮಲ್ಲಿಷೇಣ ಪ್ರಶಸ್ತಿ' ಎಂದು ಪ್ರಸಿದ್ಧವಾಗಿದೆ. ಜೈನ ಆಚಾರ್ಯ ಪರಂಪರೆಯನ್ನು ಕುರಿತು ಬರೆದವರಾರೂ ಇದನ್ನು ಬಿಟ್ಟು ಮುಂದೆ ಹೋಗಿಲ್ಲ. ಆದರೆ ಹೀಗೆ ಬರೆದವರ ಟಿಪ್ಪಣಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ತೊಡಕು ಕಾಣಿಸುತ್ತದೆ. ಕೆಲವರು ಇದನ್ನು ಬೆಳಗೊಳದ ೫೪ನೆಯ ಶಾಸನ ಎನ್ನುತ್ತಾರೆ. ಮತ್ತೆ ಕೆಲವರು ೬೭ನೆಯ ಶಾಸನ ಎನ್ನುತ್ತಾರೆ. ಕಲ್ಲು ಒಂದೇ, ಅಕ್ಷರಗಳೂ ಅವೇ.

ಇದರ ಕಾರಣ ಸರಳವಾದುದು. ಬಿ.ಎಲ್. ರೈಸ್ ಅವರು ೧೮೮೯ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಎರಡನೆಯ ಸಂಪುಟವಾಗಿ ಪ್ರಕಟಿಸಿದಾಗ ಅವರಿಗೆ ದೊರೆತಿದ್ದ ಶಾಸನಗಳು ೧೪೪. ಅವರ ನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಬೆಟ್ಟವನ್ನೂ ಊರನ್ನೂ ಮತ್ತೆ ಶೋಧಿಸಿ ೧೯೨೩ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಹೊರತಂದಾಗ ಆ ಸಂಖ್ಯೆ ೫೦೦ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಅದೇ ಸಂಪುಟವನ್ನು ಮತ್ತೆ ಪರಿಷ್ಕರಿಸಿದಾಗ ೫೭೩ ಶಾಸನಗಳು ಸೇರಿದವು. ಹೊಸದಾಗಿ ಸಿಕ್ಕಿದ ಶಾಸನಗಳನ್ನು ಅವು ಇರುವ ಸ್ಥಳದ ಕ್ರಮದಲ್ಲಿಯೇ ನಡುನಡುವೆ ಸೇರಿಸಬೇಕಾದ್ದರಿಂದ ಹಳೆಯ ಸಂಖ್ಯೆಗಳು ತಮ್ಮ ಸ್ಥಾನದಿಂದ ಜರುಗಿದವು. ನರಸಿಂಹಾಚಾರ್ಯರು ತಮ್ಮ ಹೊಸ ಸಂಖ್ಯೆಯ ಪಕ್ಕದಲ್ಲಿ ರೈಸ್ ಅವರ ಹಳೆಯ ಸಂಖ್ಯೆಯನ್ನು ಆವರಣದೊಳಗೆ ಕೊಟ್ಟರು. ಮಲ್ಲಿಷೇಣ ಪ್ರಶಸ್ತಿ ಅವರಲ್ಲಿ '೬೭ (೫೪)' ಆಗಿ ಕಾಣುವುದು ಹೀಗೆ. ನೋಡಲು ಚಿಕ್ಕದಾದ ಈ ಆವರಣವು ಮುಂದಿನ ತಲೆಮಾರಿನ ಸಂಶೋಧಕರಿಗೆ ಮಾಡಿದ ಉಪಕಾರ ದೊಡ್ಡದು. ಹಳೆಯ ಪುಸ್ತಕಗಳ ಟಿಪ್ಪಣಿಗಳು ಅದರಿಂದಾಗಿ ಅನಾಥವಾಗಲಿಲ್ಲ.

ಸಂಶೋಧನ ಪ್ರಬಂಧವೊಂದರ ವಾಕ್ಯದ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿ ಅಚ್ಚುಮಾಡಿದ ಸಣ್ಣ ಅಂಕಿಯನ್ನು ಓದುಗರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಅದು ವಿದ್ವತ್ತಿನ ಅಲಂಕಾರವೆಂಬ ಭಾವನೆಯೂ ಇದೆ. ವಾಸ್ತವದಲ್ಲಿ ಅದು ಒಂದು ವಾಗ್ದಾನ: ಇಲ್ಲಿ ಹೇಳಿದ ಮಾತಿಗೆ ಆಧಾರವಿದೆ, ಬೇಕಾದವರು ಈ ದಾರಿಯಲ್ಲಿ ಹೋಗಿ ಅದನ್ನು ಮುಟ್ಟಿ ನೋಡಬಹುದು ಎಂಬ ವಾಗ್ದಾನ. ದಾರಿ ಎಲ್ಲಿಯವರೆಗೆ ಸಾಗುತ್ತದೆ, ಯಾರ ಬಾಗಿಲಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಶಾಸನ, ವಚನ, ಜಾನಪದ ಈ ಮೂರು ಕ್ಷೇತ್ರಗಳಲ್ಲಿ ಮೂರು ಬಗೆಯಾಗಿ ಎದುರಾಗುತ್ತದೆ. ಇವುಗಳಲ್ಲಿ ಜಾನಪದದ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ಅಲ್ಲಿ ಅಂಕಿಯ ತುದಿಯಲ್ಲಿರುವುದು ಕಲ್ಲಲ್ಲ, ಓಲೆಯಲ್ಲ. ಹಾಡಿದ ಒಬ್ಬ ಮನುಷ್ಯ.

೨

ಅಂಕಿ ಹಾಕಿ ಆಧಾರ ತೋರಿಸುವ ಕ್ರಮ ಯುರೋಪಿನಲ್ಲಿ ಮುದ್ರಣದೊಡನೆ ಬೆಳೆದುದು. ಹಸ್ತಪ್ರತಿಗಳ ಕಾಲದಲ್ಲಿ ವ್ಯಾಖ್ಯಾನವು ಮೂಲಪಾಠವನ್ನು ಸುತ್ತುವರಿದು ಅಂಚಿನಲ್ಲಿ ಕೂರುತ್ತಿತ್ತು. ಮುದ್ರಣ ಬಂದ ಮೇಲೆ ಅಂಚಿನ ಟಿಪ್ಪಣಿ ಕ್ರಮೇಣ ಪುಟದ ಬುಡಕ್ಕೆ ಇಳಿಯಿತು. ನಕ್ಷತ್ರ, ಕಠಾರಿಯಂಥ ಗುರುತುಗಳು ಮೊದಲು ಬಳಕೆಯಲ್ಲಿದ್ದವು. ಟಿಪ್ಪಣಿಗಳು ಹೆಚ್ಚಿದಂತೆ ಗುರುತುಗಳು ಸಾಲದಾಗಿ ಅಕ್ಷರಗಳೂ ಅಂಕಿಗಳೂ ಬಂದವು. ಪಿಯರ್ ಬೇಲ್ ೧೬೯೭ರಲ್ಲಿ ಪ್ರಕಟಿಸಿದ ಐತಿಹಾಸಿಕ ಮತ್ತು ವಿಮರ್ಶಾತ್ಮಕ ನಿಘಂಟಿನಲ್ಲಿ ಪುಟದ ಮೇಲುಭಾಗದಲ್ಲಿ ಕೆಲವೇ ಸಾಲುಗಳ ಮೂಲಬರಹ, ಅದರ ಕೆಳಗೆ ಇಡೀ ಪುಟವನ್ನು ನುಂಗುವಷ್ಟು ಟಿಪ್ಪಣಿ. ಹಿಂದಿನವರ ತಪ್ಪುಗಳನ್ನು ಅವರದೇ ಮಾತುಗಳಿಂದ ತೋರಿಸಿಕೊಡುವುದು ಬೇಲನ ಉದ್ದೇಶವಾಗಿತ್ತು.

ಎಡ್ವರ್ಡ್ ಗಿಬ್ಬನ್ ರೋಮ್ ಸಾಮ್ರಾಜ್ಯದ ಪತನದ ಚರಿತ್ರೆಯ ಮೊದಲ ಸಂಪುಟವನ್ನು ೧೭೭೬ರಲ್ಲಿ ಹೊರತಂದಾಗ ಟಿಪ್ಪಣಿಗಳೆಲ್ಲ ಪುಸ್ತಕದ ಕೊನೆಯಲ್ಲಿದ್ದವು. ಅದನ್ನೋದಿದ ತತ್ವಜ್ಞಾನಿ ಡೇವಿಡ್ ಹ್ಯೂಮ್, ಟಿಪ್ಪಣಿಗಾಗಿ ಪ್ರತಿ ಸಲವೂ ಪುಸ್ತಕದ ಕೊನೆಗೆ ಹೋಗಿ ಬರುವುದು ಒಂದು ಪೀಡೆ, ಅವನ್ನು ಪುಟದ ಕೆಳಗೇ ಅಚ್ಚುಮಾಡಬೇಕು ಎಂದು ಮುದ್ರಕ ವಿಲಿಯಂ ಸ್ಟ್ರಾಹನ್‌ಗೆ ಪತ್ರ ಬರೆದ. ನಂತರದ ಆವೃತ್ತಿಗಳಲ್ಲಿ ಅವು ಪುಟದ ಬುಡಕ್ಕೆ ಬಂದವು. ಕನ್ನಡದ ಅಭಿನಂದನ ಗ್ರಂಥಗಳಲ್ಲಿಯೂ ಸಂಸ್ಮರಣ ಸಂಪುಟಗಳಲ್ಲಿಯೂ ಅಡಿಟಿಪ್ಪಣಿಗಳು ಬಹುಮಟ್ಟಿಗೆ ಲೇಖನದ ಕೊನೆಗೇ ಹೋಗಿರುವುದನ್ನು ಕಂಡರೆ ಹ್ಯೂಮನ ದೂರು ಇನ್ನೂ ಹಳತಾಗಿಲ್ಲ. ಹೆಸರು ಮಾತ್ರ ಅಡಿಟಿಪ್ಪಣಿ, ಇರುವುದು ಕೊನೆಯಲ್ಲಿ. ಮೊಳೆ ಜೋಡಿಸುವವರ ಶ್ರಮವನ್ನು ಉಳಿಸಲು ಹುಟ್ಟಿದ ಈ ಏರ್ಪಾಟು ಗಣಕ ಬಂದ ಮೇಲೂ ಮುಂದುವರಿದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಲಿಯೊಪೋಲ್ಡ್ ಫಾನ್ ರಾಂಕೆ ಮತ್ತು ಅವನ ಅನುಯಾಯಿಗಳು ಮೂಲ ದಾಖಲೆಗಳ ಪರಿಶೀಲನೆಯನ್ನು ಚರಿತ್ರೆಯ ಕಸುಬಿನ ಕೇಂದ್ರಕ್ಕೆ ತಂದ ಮೇಲೆ ಸಂಖ್ಯಾ ಟಿಪ್ಪಣಿಯು ವಿದ್ವಾಂಸನ ಅರ್ಹತಾಪತ್ರದಂತಾಯಿತು. ಈ ಬೆಳವಣಿಗೆಯನ್ನು ಆಂಥನಿ ಗ್ರಾಫ್ಟನ್ ಅವರು ೧೯೯೭ರಲ್ಲಿ ಪ್ರಕಟವಾದ ಅಡಿಟಿಪ್ಪಣಿಯ ಚರಿತ್ರೆಯಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ. ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಹಾರ್ವರ್ಡಿನ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ ೧೮೮೧ರ ತಮ್ಮ ಒಂದು ಲೇಖನದಲ್ಲಿ ಲೇಖಕನ ಹೆಸರು ಮತ್ತು ವರ್ಷವನ್ನು ವಾಕ್ಯದೊಳಗೇ ಆವರಣದಲ್ಲಿ ಕೊಟ್ಟರು. ಹಾರ್ವರ್ಡ್ ಪದ್ಧತಿಯೆಂದು ಕರೆಯುವ ಕ್ರಮದ ಮೊದಲ ಉದಾಹರಣೆಯೆಂದು ಇದನ್ನು ಗುರುತಿಸಲಾಗಿದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು ೧೯೭೮ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿ, ಮರುವರ್ಷ ಪ್ರಕಟಿಸಿದ ನಿಯಮಗಳು ಮತ್ತೆ ಅಂಕಿಗೇ ಮರಳಿದವು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಾನವಿಕ ವಿಷಯಗಳ ಟಿಪ್ಪಣಿಯಲ್ಲಿ ಅಂಕಿಯು ಟಿಪ್ಪಣಿಗೆ ಸೇರಿದ್ದು. ಒಂದೇ ಗ್ರಂಥವನ್ನು ಹತ್ತು ಸಲ ಉಲ್ಲೇಖಿಸಿದರೆ ಹತ್ತು ಅಂಕಿಗಳು ಬರುತ್ತವೆ; ಟಿಪ್ಪಣಿಯೊಳಗೆ ವಾದಿಸಲು, ಅನುಮಾನ ಸೂಚಿಸಲು, ಕೃತಜ್ಞತೆ ಹೇಳಲು ಅವಕಾಶವಿರುತ್ತದೆ. ವ್ಯಾಂಕೂವರ್ ಕ್ರಮದಲ್ಲಿ ಅಂಕಿಯು ಆಕರಕ್ಕೆ ಸೇರಿದ್ದು. ಮೊದಲು ಬಂದ ಆಕರ ೧, ಎರಡನೆಯದು ೨. ಮೊದಲನೆಯದನ್ನು ಇಪ್ಪತ್ತನೆಯ ಪುಟದಲ್ಲಿ ಮತ್ತೆ ಹೇಳಿದರೂ ಅದು ೧ ಆಗಿಯೇ ಉಳಿಯುತ್ತದೆ. ಓದು ಸುಗಮವಾಗುತ್ತದೆ, ಜಾಗ ಉಳಿಯುತ್ತದೆ. ಆದರೆ ವಾಕ್ಯದಲ್ಲಿ ಯಾರ ಮಾತು ಕೇಳುತ್ತಿದ್ದೇವೆ ಎಂಬುದು ಪಟ್ಟಿಯ ಪುಟವನ್ನು ತಿರುವುವವರೆಗೆ ತಿಳಿಯುವುದಿಲ್ಲ.

ಕನ್ನಡದ ಮಟ್ಟಿಗೆ ಹೇಳುವುದಾದರೆ ಹೆಸರು–ವರ್ಷದ ಪದ್ಧತಿಗಿಂತ ಅಂಕಿಯ ಪದ್ಧತಿ ಹೆಚ್ಚು ಹೊಂದಿಕೊಂಡಿತು. ಇದಕ್ಕೆ ನಮ್ಮ ಹೆಸರುಗಳೇ ಒಂದು ಕಾರಣ. ಪಾಶ್ಚಾತ್ಯ ಪದ್ಧತಿಯು ಕುಲನಾಮವನ್ನು ಮುಂದಿಟ್ಟುಕೊಂಡು ಅಕಾರಾದಿಯಾಗಿ ಪಟ್ಟಿ ಮಾಡುತ್ತದೆ. ಹಳೆಯ ಮೈಸೂರಿನ ವಿದ್ವಾಂಸರಲ್ಲಿ ಬಹುಪಾಲು ಜನರಿಗೆ ಆ ಅರ್ಥದ ಕುಲನಾಮವೇ ಇಲ್ಲ. ಇರುವುದು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ. ಜೀ.ಶಂ. ಪರಮಶಿವಯ್ಯ ಅವರನ್ನು ಒಂದು ಪಟ್ಟಿಯಲ್ಲಿ 'ಜ'ಕಾರದಡಿ, ಮತ್ತೊಂದರಲ್ಲಿ 'ಪ'ಕಾರದಡಿ ಹುಡುಕಬೇಕು. ಬಿ.ಎಂ. ಶ್ರೀಕಂಠಯ್ಯನವರು 'ಶ್ರೀ' ಆಗಿಯೂ, ಕೆ.ವಿ. ಪುಟ್ಟಪ್ಪನವರು 'ಕುವೆಂಪು' ಆಗಿಯೂ ಬರುತ್ತಾರೆ. ಅಂಕಿಗೆ ಈ ಗೊಡವೆಯಿಲ್ಲ. 'ಅದೇ', 'ಪೂರ್ವೋಕ್ತ', 'ನೋಡಿ' ಎಂಬ ಮಾತುಗಳೊಡನೆ ಅದು ಕನ್ನಡ ಪ್ರಬಂಧಗಳಲ್ಲಿ ಬೇರೂರಿತು.

೩

ಆಧಾರವನ್ನು ಹೇಳುವ ಸಂಪ್ರದಾಯ ಕನ್ನಡದಲ್ಲಿ ಮೊದಲು ಇರಲಿಲ್ಲವೆಂದಲ್ಲ. ಶಾಸ್ತ್ರಕಾರರು ಪೂರ್ವಸೂರಿಗಳ ಹೆಸರುಗಳನ್ನು ಗ್ರಂಥದ ಆದಿಯಲ್ಲಿ ಒಟ್ಟಾಗಿ ಸ್ಮರಿಸುತ್ತಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದ ಆರಂಭದಲ್ಲಿ ತನಗೆ ಲಕ್ಷ್ಯವಾದ ಕವಿಗಳನ್ನು ಹೆಸರಿಸುತ್ತಾನೆ. ಒಳಗೆ ಪ್ರಯೋಗಗಳಾಗಿ ಕೊಡುವ ಪದ್ಯಗಳಿಗೆ ಯಾರ ಪದ್ಯವೆಂದು ಬಿಡಿಬಿಡಿಯಾಗಿ ಹೇಳುವುದಿಲ್ಲ. ಓದುವವನಿಗೆ ಆ ಕಾವ್ಯಗಳು ಬಾಯಲ್ಲೇ ಇರುತ್ತವೆಂಬ ನಂಬಿಕೆ ಅದರ ಹಿಂದಿದೆ. ವ್ಯಾಖ್ಯಾನಕಾರರು ಪದ್ಯದ ಮೊದಲ ಪದವನ್ನು ಪ್ರತೀಕವಾಗಿ ಎತ್ತಿಕೊಂಡರೆ ಸಾಕಾಗುತ್ತಿತ್ತು. ಜ್ಞಾಪಕವೇ ಗ್ರಂಥಾಲಯವಾಗಿದ್ದ ಕಾಲದಲ್ಲಿ ಅಂಕಿಯ ಅಗತ್ಯ ಇಷ್ಟೇ. ಕೇಶಿರಾಜನು ಹೆಸರಿಸಿದ ಕವಿಗಳಲ್ಲಿ ಕೆಲವರ ಕಾವ್ಯಗಳು ಕಳೆದುಹೋಗಿ, ಯಾವ ಪದ್ಯ ಯಾರದೆಂಬುದನ್ನು ಪತ್ತೆಹಚ್ಚುವ ಕೆಲಸ ಇಪ್ಪತ್ತನೆಯ ಶತಮಾನದ ವಿದ್ವಾಂಸರ ಪಾಲಿಗೆ ಉಳಿಯಿತು.

ಜನಪದರ ಕ್ರಮ ಇದಕ್ಕಿಂತ ಖಚಿತವಾಗಿತ್ತೆಂದು ಹೇಳಬಹುದು. ಲಾವಣಿಕಾರನು ಪದದ ಕೊನೆಯ ನುಡಿಯಲ್ಲಿ ತನ್ನ ಊರು, ಗುರು, ಕವಿಯ ಹೆಸರನ್ನು ಸೇರಿಸಿ ಹಾಡುತ್ತಾನೆ. ತತ್ವಪದಕಾರನು ಗುರುವಿನ ಅಂಕಿತವಿಲ್ಲದೆ ಪದವನ್ನು ಮುಗಿಸುವುದಿಲ್ಲ. ವಚನಕಾರರ ಅಂಕಿತವೂ ಇದೇ ಜಾತಿಗೆ ಸೇರಿದ್ದು. ಇದು ಹಾಡಿನ ಒಡಲೊಳಗೇ ಕುಳಿತ ಉಲ್ಲೇಖ. ಹಾಡಿನಿಂದ ಅದನ್ನು ಬೇರ್ಪಡಿಸಲಾಗದು, ಬಾಯಿಂದ ಬಾಯಿಗೆ ಹೋಗುವಾಗ ಅದೂ ಜೊತೆಯಲ್ಲೇ ಹೋಗುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿ ಹಾಡುವ ಹೆಂಗಸಿಗೆ ಮಾತ್ರ ಇಂಥ ಅಂಕಿತವಿಲ್ಲ. ಆಕೆಯ ಹಾಡು ಎಲ್ಲರದೂ ಆಗಿ, ಯಾರದೂ ಅಲ್ಲವಾಯಿತು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮುದ್ರಿತ ಕನ್ನಡ ಸಂಶೋಧನೆಗೆ ಸಂಖ್ಯೆಯ ಶಿಸ್ತನ್ನು ಕಲಿಸಿದ್ದು ಶಾಸನಶಾಸ್ತ್ರ. ರೈಸ್ ಅವರು ೧೮೮೬ರಿಂದ ೧೯೦೫ರವರೆಗೆ ಹೊರತಂದ ಹನ್ನೆರಡು ಸಂಪುಟಗಳಲ್ಲಿ ಒಂದು ತಾಲ್ಲೂಕಿನ ಶಾಸನಗಳಿಗೆ ಒಂದು ಸಂಖ್ಯಾಮಾಲೆ ಎಂಬ ಕ್ರಮವನ್ನು ಅನುಸರಿಸಿದರು. ಸಂಪುಟದ ಸಂಖ್ಯೆ, ತಾಲ್ಲೂಕಿನ ಹೆಸರಿನ ಸಂಕ್ಷೇಪ, ಶಾಸನದ ಕ್ರಮಸಂಖ್ಯೆ ಈ ಮೂರು ಸೇರಿದರೆ ವಿಳಾಸ ಪೂರ್ಣವಾಗುತ್ತದೆ. ಎಂ. ಚಿದಾನಂದಮೂರ್ತಿ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (೧೯೬೬) ಇಂಥ ವಿಳಾಸಗಳ ಮೇಲೆ ನಿಂತ ಕೃತಿ. ದಾನ, ಮಾಸ್ತಿ, ವೀರಗಲ್ಲು, ಆಡಳಿತ, ನಂಬಿಕೆ ಯಾವುದನ್ನು ಕುರಿತ ಮಾತೇ ಇರಲಿ, ಓದುಗ ವಾಕ್ಯದಿಂದ ಟಿಪ್ಪಣಿಗೆ, ಟಿಪ್ಪಣಿಯಿಂದ ಸಂಪುಟಕ್ಕೆ, ಸಂಪುಟದಿಂದ ಹೊಲದ ಬದುವಿನ ಕಲ್ಲಿಗೆ ನಡೆದುಹೋಗಬಹುದು.

ಆದರೆ ಈ ವಿಳಾಸವು ಆಡಳಿತದ ವಿಳಾಸ. ತಾಲ್ಲೂಕು ಶಾಶ್ವತವಲ್ಲ. ಮಂಡ್ಯ ಜಿಲ್ಲೆ ೧೯೩೯ರಲ್ಲಿ ಮೈಸೂರಿನಿಂದ ಬೇರ್ಪಟ್ಟಿತು. ರೈಸ್ ಅವರ ಮೈಸೂರು ಸಂಪುಟಗಳಲ್ಲಿರುವ ನಾಗಮಂಗಲ, ಮಳವಳ್ಳಿಗಳ ಶಾಸನಗಳನ್ನು ಪರಿಷ್ಕೃತ ಮಾಲಿಕೆಯಲ್ಲಿ ಮಂಡ್ಯದ ಸಂಪುಟದಲ್ಲಿ ನೋಡಬೇಕು. ಬೆಳತೂರಿನ ಶಾಸನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೧೦೫೭ರಲ್ಲಿ ಗಂಡ ಏಚನ ಮರಣಾನಂತರ, ತಂದೆತಾಯಿಗಳು ತಡೆದರೂ ಕೇಳದೆ, ಅಗ್ನಿಪ್ರವೇಶ ಮಾಡಿದ ದೇಕಬ್ಬೆಯ ಕಥೆಯನ್ನು ಹೇಳುವ ಪದ್ಯಮಯ ಶಾಸನವಿದು. ಹಳೆಯ ಟಿಪ್ಪಣಿಗಳಲ್ಲಿ ಇದು ನಾಲ್ಕನೆಯ ಸಂಪುಟದ ಹೆಗ್ಗಡದೇವನಕೋಟೆ ೧೮. ಹೊಸ ಮಾಲಿಕೆಯಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕು ಮೂರನೆಯ ಸಂಪುಟಕ್ಕೆ ಬಂದಿದೆ. ಎರಡೂ ವಿಳಾಸಗಳಲ್ಲಿ ಬೆಳತೂರು ಎಂಬ ಊರಿನ ಹೆಸರಿಲ್ಲ, ದೇಕಬ್ಬೆಯ ಹೆಸರೂ ಇಲ್ಲ. ಟಿಪ್ಪಣಿಯಲ್ಲಿ ಊರಿನ ಹೆಸರನ್ನು ಸೇರಿಸಲು ತಗಲುವುದು ಒಂದು ಪದದಷ್ಟು ಜಾಗ. ಅದನ್ನು ಸೇರಿಸಿದವರ ಬರಹ ಸಂಪುಟಗಳು ಬದಲಾದ ಮೇಲೂ ದಾರಿ ತಪ್ಪಿಸಲಿಲ್ಲ.

ವಚನಗಳ ವಿಷಯದಲ್ಲಿ ಸಂಖ್ಯೆಯು ಸಂಪಾದಕನದು. ಫ.ಗು. ಹಳಕಟ್ಟಿಯವರ ಪ್ರಕಟಣೆಗಳಿಂದ ಮೊದಲ್ಗೊಂಡು ೧೯೯೩ರಲ್ಲಿ ಹದಿನೈದು ಸಂಪುಟಗಳಲ್ಲಿ ಬಂದ 'ಸಮಗ್ರ ವಚನ ಸಂಪುಟ'ದವರೆಗೆ ಪ್ರತಿ ಸಂಪಾದಕನೂ ತನ್ನ ಸ್ಥಲವಿಂಗಡಣೆ, ತನ್ನ ಕ್ರಮ ಇಟ್ಟುಕೊಂಡು ಸಂಖ್ಯೆ ಕೊಡಬೇಕಾಯಿತು. ಎ.ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' (೧೯೭೩) ಓದಿದ ಹೊರನಾಡಿನವರಿಗೆ ಬಸವಣ್ಣನವರ ವಚನಗಳ ತಲೆಯ ಮೇಲಿನ ಅಂಕಿಗಳು ಏಕೆ ಹಾರಿಹಾರಿ ಬರುತ್ತವೆಂದು ಸೋಜಿಗವಾಗುವುದುಂಟು. ಸ್ಥಾವರ–ಜಂಗಮಗಳನ್ನು ಕುರಿತ ಪ್ರಸಿದ್ಧ ವಚನ ಅಲ್ಲಿ ೮೨೦. ಅದು ಅನುವಾದಕರ ಎಣಿಕೆಯಲ್ಲ, ಎಸ್.ಎಸ್. ಬಸವನಾಳರು ಸಂಪಾದಿಸಿದ ಬಸವಣ್ಣನವರ ಷಟ್‌ಸ್ಥಲ ವಚನಗಳ ಸಂಖ್ಯೆ. ಇಂಗ್ಲಿಷಿನಲ್ಲಿ ಓದಿದವನು ಕನ್ನಡದ ಮೂಲಕ್ಕೆ ಹಿಂದಿರುಗಲಿ ಎಂದು ರಾಮಾನುಜನ್ ಇಟ್ಟ ಗುರುತು ಅದು. ಈಗ ಆ ಅಂಕಿಯನ್ನಷ್ಟೇ ಹಿಡಿದು ಬೇರೆ ಆವೃತ್ತಿಯಲ್ಲಿ ಹುಡುಕುವವನಿಗೆ ಅದೇ ವಚನ ಸಿಗುತ್ತದೆಂಬ ಭರವಸೆಯಿಲ್ಲ. ವಚನದ ಮೊದಲ ಸಾಲು ಗೊತ್ತಿದ್ದರೆ ಅಕಾರಾದಿಯಿಂದ ಯಾವ ಆವೃತ್ತಿಯಲ್ಲಾದರೂ ಹಿಡಿಯಬಹುದು. ಹಳೆಯ ವ್ಯಾಖ್ಯಾನಕಾರರ ಪ್ರತೀಕಪದ್ಧತಿ ಈ ಒಂದು ಅಂಶದಲ್ಲಿ ಅಂಕಿಗಿಂತ ಗಟ್ಟಿಯಾದುದು.

೪

ಜಾನಪದದಲ್ಲಿ ಅಂಕಿ ಬಂದ ಬಗೆಯೇ ಬೇರೆ. ಇಲ್ಲಿ ಅದು ಒಂದು ನಿರ್ದಿಷ್ಟ ಪಠ್ಯವನ್ನಲ್ಲ, ಪಠ್ಯಗಳ ಒಂದು ಗುಂಪನ್ನು ಸೂಚಿಸುತ್ತದೆ. ಫಿನ್ಲೆಂಡಿನ ವಿದ್ವಾಂಸ ಆಂಟಿ ಆರ್ನೆ ೧೯೧೦ರಲ್ಲಿ ಕಥಾವರ್ಗಗಳ ಪಟ್ಟಿಯನ್ನು ಪ್ರಕಟಿಸಿದರು. ಒಂದೇ ಕಥೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರಿನಿಂದ ತಿರುಗುವಾಗ, ಹೆಸರಿಗಿಂತ ಸಂಖ್ಯೆಯೇ ಭಾಷಾತೀತವಾದ ಗುರುತು ಎಂಬುದು ಅವರ ಆಲೋಚನೆ. ಮುಂದೆ ಸಿಗಬಹುದಾದ ಕಥೆಗಳಿಗಾಗಿ ಅವರು ಸಂಖ್ಯೆಗಳ ನಡುವೆ ಖಾಲಿ ಜಾಗ ಬಿಟ್ಟರು. ಶ್ರವಣಬೆಳಗೊಳದ ತೊಡಕು ಇಲ್ಲಿ ಬರಬಾರದೆಂಬ ಮುಂದಾಲೋಚನೆ ಎನ್ನಬೇಕು. ಅಮೆರಿಕದ ಸ್ಟಿತ್ ಥಾಂಪ್ಸನ್ ಈ ಪಟ್ಟಿಯನ್ನು ೧೯೨೮ರಲ್ಲಿಯೂ ೧೯೬೧ರಲ್ಲಿಯೂ ವಿಸ್ತರಿಸಿದರು. ಕಥೆಯ ಅಂಗಗಳಾದ ಆಶಯಗಳಿಗೆ ರೋಮನ್ ಅಕ್ಷರ ಮತ್ತು ಅಂಕಿಗಳನ್ನು ಸೇರಿಸಿ ಅವರು ರಚಿಸಿದ ಆರು ಸಂಪುಟಗಳ ಆಶಯಸೂಚಿ ೧೯೩೨ರಿಂದ ೧೯೩೬ರ ಅವಧಿಯಲ್ಲಿ ಬಂದಿತು. ಭಾರತದ ಮೌಖಿಕ ಕಥೆಗಳಿಗೆ ಥಾಂಪ್ಸನ್ ಮತ್ತು ಜೋನಾಸ್ ಬಾಲಿಸ್ ಅವರ ಆಶಯಸೂಚಿ ೧೯೫೮ರಲ್ಲಿ, ಥಾಂಪ್ಸನ್ ಮತ್ತು ವಾರನ್ ರಾಬರ್ಟ್ಸ್ ಅವರ ವರ್ಗಸೂಚಿ ೧೯೬೦ರಲ್ಲಿ ಪ್ರಕಟವಾದವು. ಜರ್ಮನಿಯ ಹಾನ್ಸ್–ಯೋರ್ಗ್ ಉಥರ್ ೨೦೦೪ರಲ್ಲಿ ವರ್ಗಸೂಚಿಯನ್ನು ಮೂರು ಸಂಪುಟಗಳಲ್ಲಿ ಮತ್ತೆ ಪರಿಷ್ಕರಿಸಿದರು.

ವಿಶ್ವವಿದ್ಯಾನಿಲಯಗಳಲ್ಲಿ ಜಾನಪದವು ಒಂದು ಶಿಸ್ತಾಗಿ ನೆಲೆಗೊಂಡ ದಶಕಗಳಲ್ಲಿ ಕನ್ನಡ ಸಂಶೋಧಕರಿಗೆ ಈ ಅಂಕಿಗಳು ದೊಡ್ಡ ಆಕರ್ಷಣೆಯಾಗಿದ್ದವು. ಹಳ್ಳಿಯ ಅಜ್ಜಿಯೊಬ್ಬಳು ಹೇಳಿದ ಕಥೆಗೆ ೫೧೦ ಎಂಬ ಅಂಕಿ ಹಚ್ಚಿದೊಡನೆ ಅದು ಜಗತ್ತಿನ ಸಿಂಡರೆಲಾ ಕಥೆಗಳ ಬಳಗಕ್ಕೆ ಸೇರುತ್ತದೆ. ಜಾನಪದ ಅಧ್ಯಯನಕ್ಕೆ ಮನ್ನಣೆ ದೊರೆಯದಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಆದರೂ ಅಂಕಿ ಎಲ್ಲಿ ಬಿಗಿಯುತ್ತದೆಂಬುದನ್ನು ಮೊದಲು ತೋರಿಸಿದವರಲ್ಲಿ ರಾಮಾನುಜನ್ ಒಬ್ಬರು. ಅವರು ಪ್ರಕಟಿಸಿದ 'ಹಂಚಿ' ಎಂಬ ಕನ್ನಡ ಕಥೆಯಲ್ಲಿ ಅಣ್ಣನು ತಂಗಿಯ ಹೊಂಬಣ್ಣದ ಕೂದಲನ್ನು ಕಂಡು, ಅವಳನ್ನೇ ಮದುವೆಯಾಗಬೇಕೆಂದು ಬಯಸುತ್ತಾನೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ದೂರ ಕಳಿಸುತ್ತಾಳೆ. ಇದು ೫೧೦ರ ಗುಂಪಿನ ಕಥೆ. ಯುರೋಪಿನಲ್ಲಿ ಸಿಂಡರೆಲಾ ಕಥೆ ಮದುವೆಗೆ ಮುಗಿಯುತ್ತದೆ. ಹಂಚಿಯ ಕಷ್ಟಗಳು ಮದುವೆಯ ನಂತರ ಮತ್ತೆ ಶುರುವಾಗುತ್ತವೆ. ಮನೆಯ ಗುರುವೊಬ್ಬನ ಕೆಟ್ಟ ಕಣ್ಣು, ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಡುವ ಪ್ರಸಂಗ ಎಲ್ಲವೂ ೮೯೬ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ಹೇಳುವವಳಿಗೆ ಮಾತ್ರ ಅದು ಎರಡು ಕಥೆಯಲ್ಲ, ಒಂದೇ. ಹೆಣ್ಣಿನ ಬದುಕು ಮದುವೆಗೆ ಮುಗಿಯುವುದಿಲ್ಲವೆಂಬ ತಿಳಿವಳಿಕೆ ಆ ಜೋಡಣೆಯಲ್ಲಿಯೇ ಇದೆ. ಅಂಕಿ ಹಾಕಿದವನು ಕಥೆಯನ್ನು ಸರಿಯಾಗಿ ಆ ಜಾಗದಲ್ಲಿಯೇ ತುಂಡರಿಸುತ್ತಾನೆ.

೯೩೧ ಎಂಬ ವರ್ಗದ್ದು ಇನ್ನೂ ಸೂಕ್ಷ್ಮವಾದ ಸಮಸ್ಯೆ. ಸೂಚಿಯಲ್ಲಿ ಅದರ ಹೆಸರು 'ಈಡಿಪಸ್'. ತಾಯಿಯು ತಿಳಿಯದೆ ಮಗನನ್ನು ಮದುವೆಯಾಗುವ ಕನ್ನಡ ಕಥೆಗೆ ಈ ಅಂಕಿ ಹೊಂದಬಹುದು. ಆದರೆ ಕನ್ನಡದ ಕಥೆ ಆರಂಭವಾಗುವುದು ಹೆಣ್ಣಿನಿಂದ, ಭವಿಷ್ಯವನ್ನು ಕೇಳಿ ನಡುಗುವವಳೂ ಅವಳೇ, ಕೊನೆಯಲ್ಲಿ ಸತ್ಯವನ್ನರಿತು ದುಃಖಿಸುವವಳೂ ಅವಳೇ. 'ಭಾರತೀಯ ಈಡಿಪಸ್' ಕುರಿತ ಪ್ರಬಂಧದಲ್ಲಿ ರಾಮಾನುಜನ್ ಈ ಮಾತನ್ನು ಎತ್ತಿ ತೋರಿಸಿದ್ದಾರೆ. ಸಂಖ್ಯೆ ನಿಷ್ಪಕ್ಷಪಾತವಾಗಿ ಕಂಡರೂ ಅದರ ಬೆನ್ನಿಗೆ ಒಂದು ತಲೆಬರಹವಿರುತ್ತದೆ. ತಲೆಬರಹದಲ್ಲಿ ಕಥೆಯ ಒಡೆತನ ಮಗನಿಗೆ ಹೋಗಿಬಿಟ್ಟಿದೆ. ಇದಲ್ಲದೆ ಥಾಂಪ್ಸನ್ನರ ಸೂಚಿಗಳು ಅಶ್ಲೀಲವೆನಿಸಿದ ಸಾಮಗ್ರಿಯನ್ನು ಹೊರಗಿಟ್ಟವು. ಹೋಳಿಯ ಹಾಡು, ಒಗಟು, ಹೆಂಗಸರ ನಗೆಗಥೆಗಳನ್ನು ಸಂಗ್ರಹಿಸಿದವರಿಗೆ ಅಲ್ಲಿ ಅಂಕಿಯೇ ಸಿಗುವುದು ಕಷ್ಟ. ಆಲನ್ ಡಂಡಿಸ್ ೧೯೯೭ರಲ್ಲಿ ಬರೆದ ವಿಮರ್ಶೆಯಲ್ಲಿ ಇಂಥ ದೋಷಗಳನ್ನು ಪಟ್ಟಿ ಮಾಡಿಯೂ, ಈ ಸೂಚಿಗಳಿಲ್ಲದೆ ಜಾನಪದ ವಿದ್ವಾಂಸರು ಕೆಲಸ ಮಾಡಲಾರರೆಂದೇ ಅಭಿಪ್ರಾಯಪಟ್ಟರು. ಅದೇ ವರ್ಷ, ರಾಮಾನುಜನ್ ಅವರ ಮರಣಾನಂತರ, 'ಎ ಫ್ಲವರಿಂಗ್ ಟ್ರೀ' ಎಂಬ ಹೆಸರಿನಲ್ಲಿ ಅವರು ಸಂಗ್ರಹಿಸಿದ ಕನ್ನಡ ಕಥೆಗಳು ಪುಸ್ತಕವಾದಾಗ ಅವುಗಳಿಗೆ ವರ್ಗಸಂಖ್ಯೆಗಳ ಟಿಪ್ಪಣಿಯನ್ನು ಸೇರಿಸಿದವರೂ ಡಂಡಿಸ್ ಅವರೇ. ಅಂಕಿಯೊಡನೆ ಜ್ಞಾನಿಯಾದವನ ಜಗಳ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ.

೫

ಕನ್ನಡದ ಮೊದಲ ತಲೆಮಾರಿನ ಸಂಗ್ರಾಹಕರಿಗೆ ಈ ಯಾವ ಸೂಚಿಯ ಹಂಗೂ ಇರಲಿಲ್ಲ. ಜೆ.ಎಫ್. ಫ್ಲೀಟ್ ಅವರು ೧೮೮೫ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳು ಆಡಳಿತಾಧಿಕಾರಿಯೂ ಶಾಸನತಜ್ಞನೂ ಆದ ಒಬ್ಬನ ಕುತೂಹಲದ ಫಲ. ಹಲಸಂಗಿಯ ಗೆಳೆಯರ 'ಗರತಿಯ ಹಾಡು' (೧೯೩೧) ಬಂದದ್ದು ಪ್ರೀತಿಯಿಂದ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಹಾಡುಗಳು' (೧೯೩೮) ಸಂಗ್ರಹದ ಹಿಂದೆಯೂ ಅದೇ ಪ್ರೇರಣೆ. ಜನಪದ ಸಾಹಿತ್ಯವು ಶಿಷ್ಟಕಾವ್ಯಕ್ಕೆ ಕಡಿಮೆಯಲ್ಲವೆಂದು ಓದುಗರನ್ನು ಒಪ್ಪಿಸುವುದು ಆ ಹೊತ್ತಿನ ಕೆಲಸವಾಗಿತ್ತು. ತವರು, ಮಗು, ಗಂಡ, ಅಣ್ಣ ಎಂದು ವಿಷಯಾನುಸಾರ ಜೋಡಿಸಿದ ಬಿಡಿ ತ್ರಿಪದಿಗಳು ಮುತ್ತಿನ ಸರದಂತೆ ಅಚ್ಚಾದವು. ಯಾವ ಊರಿನ ಯಾವ ತಾಯಿ ಯಾವ ತ್ರಿಪದಿಯನ್ನು ಹಾಡಿದಳೆಂಬುದನ್ನು ಪದ್ಯದೊಡನೆ ಹೇಳುವ ರೂಢಿ ಆಗಿನ್ನೂ ಬೆಳೆದಿರಲಿಲ್ಲ. 'ಜನಪದ' ಎಂಬ ಸಾಮೂಹಿಕ ಕವಿಯ ಕಲ್ಪನೆಯೇ ಅದಕ್ಕೆ ಅಡ್ಡಬಂದಿತೆನ್ನಬಹುದು. ಆ ಮಹನೀಯರನ್ನು ಇದಕ್ಕಾಗಿ ಆಕ್ಷೇಪಿಸುವುದು ನ್ಯಾಯವಲ್ಲ. ಅವರು ಉಳಿಸದಿದ್ದರೆ ಹಾಡೂ ಇರುತ್ತಿರಲಿಲ್ಲ, ಹೆಸರೂ ಇರುತ್ತಿರಲಿಲ್ಲ.

ಅನಂತರದ ಡಾಕ್ಟರೇಟ್ ಪ್ರಬಂಧಗಳಲ್ಲಿ ವಕ್ತೃಗಳ ಪಟ್ಟಿ ಒಂದು ಅನುಬಂಧವಾಗಿ ಬಂದಿತು. ಹೆಸರು, ವಯಸ್ಸು, ಜಾತಿ, ಊರು, ಕಸುಬು. ಪ್ರತಿಯೊಬ್ಬರಿಗೆ ಒಂದು ಕ್ರಮಸಂಖ್ಯೆ. ಇದು ಮುನ್ನಡೆಯೇ ಸರಿ. ಆದರೆ ಬಹಳಷ್ಟು ಪ್ರಬಂಧಗಳಲ್ಲಿ ಈ ಪಟ್ಟಿಗೂ ಒಡಲಿನ ಟಿಪ್ಪಣಿಗೂ ಸೇತುವೆಯಿಲ್ಲ. ಪ್ರಬಂಧದ ಒಡಲಿನಲ್ಲಿ ಹಾಡಿನ ನಾಲ್ಕು ಸಾಲು ಬರುತ್ತದೆ, ಅದಕ್ಕೆ ಅಂಕಿಯಿಲ್ಲ. ಮರುವಾಕ್ಯದಲ್ಲಿ ಆ ಹಾಡನ್ನು ಕುರಿತು ವಿದ್ವಾಂಸರೊಬ್ಬರು ಆಡಿದ ಮಾತು ಬರುತ್ತದೆ, ಅದಕ್ಕೆ ಅಂಕಿ, ಗ್ರಂಥದ ಹೆಸರು, ಪ್ರಕಾಶಕರು, ವರ್ಷ, ಪುಟ ಎಲ್ಲವೂ ಉಂಟು. ಹಾಡಿದಾಕೆ ಅನುಬಂಧದ ಪಟ್ಟಿಯಲ್ಲಿ ಎಲ್ಲೋ ಇದ್ದಾಳೆ. ಯಾವ ಹಾಡು ಅವಳದೆಂದು ತಿಳಿಯುವ ಬಗೆ ಇಲ್ಲ. ಪ್ರಬಂಧವು ಗ್ರಂಥವಾಗಿ ಅಚ್ಚಾಗುವಾಗ ಪುಟ ಉಳಿಸಲು ಮೊದಲು ಕೈಬಿಡುವುದೂ ಆ ಅನುಬಂಧವನ್ನೇ. ಆಮೇಲೆ ಬರುವ ಸಂಶೋಧಕ ಆ ಗ್ರಂಥದಿಂದ ಹಾಡನ್ನು ತೆಗೆದುಕೊಂಡು, ಟಿಪ್ಪಣಿಯಲ್ಲಿ ಸಂಗ್ರಾಹಕನ ಹೆಸರು ಕಾಣಿಸುತ್ತಾನೆ. ಹೀಗೆ ಎರಡು ಹೆಜ್ಜೆಗಳಲ್ಲಿ ಹಾಡಿನ ಆಕರವು ಅದನ್ನು ಬರೆದುಕೊಂಡವನೇ ಆಗಿಬಿಡುತ್ತಾನೆ. ಉಲ್ಲೇಖದ ನಿಯಮವನ್ನು ಯಾರೂ ಮುರಿದಿಲ್ಲ; ಪ್ರತಿಯೊಬ್ಬನೂ ಮುದ್ರಿತ ಆಕರವನ್ನು ಪ್ರಾಮಾಣಿಕವಾಗಿ ಸೂಚಿಸಿದ್ದಾನೆ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆಯ ನಿಯಮಾವಳಿಯಲ್ಲಿ ಶೇಕಡ ೧೦ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇಕಡ ೬೦ನ್ನು ಮೀರಿದರೆ ಸಂಶೋಧಕನ ನೋಂದಣಿಯೇ ರದ್ದಾಗುತ್ತದೆ. ಈ ಶೇಕಡಾವಾರು ಎಣಿಕೆಯನ್ನು ಮಾಡುವುದು ಯಂತ್ರ. ಅದು ಹೋಲಿಸಿ ನೋಡುವುದು ಮುದ್ರಿತವಾದ, ಗಣಕಕ್ಕೇರಿದ ಬರಹವನ್ನು. ಹಾಡುಗಾರನ ಬಾಯಿಂದ ನೇರವಾಗಿ ಬರೆದುಕೊಂಡು ಹೆಸರು ಹೇಳದೆ ಬಿಟ್ಟ ಸಾವಿರ ಸಾಲು ಅದರ ಲೆಕ್ಕದಲ್ಲಿ ಸೊನ್ನೆ. ಮತ್ತೊಬ್ಬ ಸಂಶೋಧಕನ ಒಂದು ಪುಟ ಮಾತ್ರ ತಕ್ಷಣ ಸಿಕ್ಕಿಬೀಳುತ್ತದೆ.

ಇದಕ್ಕೆ ಪ್ರತಿಯಾದ ಒಂದು ಮಾದರಿ ಕರ್ನಾಟಕದಲ್ಲಿಯೇ ರೂಪುಗೊಂಡಿತು. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸಿರಿ ಆರಾಧನೆಯಲ್ಲಿ ಕುಮಾರನ ಪಾತ್ರ ವಹಿಸುತ್ತಿದ್ದವರು, ತುಳುವಿನ ಸಿರಿ ಪಾಡ್ದನದ ಗಾಯಕರು. ೧೯೯೦ರ ಡಿಸೆಂಬರಿನಲ್ಲಿ ಅವರು ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಆನೆಲಿ ಹೊಂಕೊ, ಕರ್ನಾಟಕದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ತಂಡ ದಾಖಲಿಸಿಕೊಂಡಿತು. ಆರ್ನೆ ಅವರ ಕಥಾವರ್ಗಸೂಚಿ ಪ್ರಕಟವಾಗಿದ್ದ ಅದೇ ಹೆಲ್ಸಿಂಕಿಯ ಮಾಲಿಕೆಯಲ್ಲಿ, ೨೬೫ ಮತ್ತು ೨೬೬ನೆಯ ಸಂಖ್ಯೆಗಳಾಗಿ, ೧೯೯೮ರಲ್ಲಿ ಆ ಪಠ್ಯ ಅನುವಾದದೊಡನೆ ಬಂದಿತು. ಒಟ್ಟು ೧೫,೬೮೩ ಸಾಲುಗಳು. ಸಾಲುಗಳಿಗೆ ಅಂಕಿ ಇದೆ. ಹೋಮರನನ್ನೋ ಪಂಪನನ್ನೋ ಉಲ್ಲೇಖಿಸುವಷ್ಟೇ ಖಚಿತವಾಗಿ ಅದನ್ನು ಉಲ್ಲೇಖಿಸಬಹುದು. ಸಂಪುಟದ ಶೀರ್ಷಿಕೆಯಲ್ಲಿಯೇ 'ಗೋಪಾಲ ನಾಯ್ಕರು ಪ್ರದರ್ಶಿಸಿದಂತೆ' ಎಂಬ ಅರ್ಥದ ಮಾತಿದೆ. ಆದ್ದರಿಂದ ಯಾವ ವಿದ್ವಾಂಸನೂ ಅದರ ಒಂದು ಸಾಲನ್ನು ಟಿಪ್ಪಣಿಯಲ್ಲಿ ಸೂಚಿಸಬೇಕಾದರೆ ಗಾಯಕನ ಹೆಸರನ್ನು ಬರೆಯಲೇಬೇಕಾಗುತ್ತದೆ. ಅಂಕಿಯೂ ಹೆಸರೂ ಇಲ್ಲಿ ಒಂದನ್ನೊಂದು ನುಂಗಿಲ್ಲ.

ಈ ಸಾಲುಸಂಖ್ಯೆಗಳಿಗೂ ಒಂದು ಮಿತಿಯಿದೆ, ಅದನ್ನು ಸಂಪಾದಕರು ಮರೆಮಾಡಿಲ್ಲ. ಗೋಪಾಲ ನಾಯ್ಕರು ಅದಕ್ಕೆ ಮೊದಲು ಇದೇ ಕಾವ್ಯವನ್ನು ಹೇಳಿ ಬರೆಸಿದ್ದರು. ಹೇಳಿ ಬರೆಸಿದ ಪಾಠಕ್ಕಿಂತ ಹಾಡಿದ ಪಾಠ ಬಹಳ ದೊಡ್ಡದು. ಕೆಲವು ಪ್ರಸಂಗಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಹಾಡಿದಾಗಲೂ ಅಳತೆ ಒಂದೇ ಆಗಿರಲಿಲ್ಲ. ಗಾಯಕನ ಮನಸ್ಸಿನಲ್ಲಿರುವ ಕಾವ್ಯಕ್ಕೆ ಸಾಲಿನ ಎಣಿಕೆಯಿಲ್ಲ. ಎಣಿಕೆ ಇರುವುದು ಆ ಡಿಸೆಂಬರಿನ ಹಾಡಿಕೆಗೆ. ಮಲ್ಲಿಷೇಣನ ಕಂಬಕ್ಕೆ ನರಸಿಂಹಾಚಾರ್ಯರು ಎರಡು ಸಂಖ್ಯೆಗಳನ್ನು ಒಟ್ಟಿಗೆ ಬರೆದಂತೆ, ಸಿರಿಕಾವ್ಯದ ಸಾಲನ್ನು ಉಲ್ಲೇಖಿಸುವವರು ಸಾಲಿನ ಸಂಖ್ಯೆಯ ಜೊತೆಗೆ ಯಾರು, ಎಲ್ಲಿ, ಯಾವಾಗ ಹಾಡಿದ್ದೆಂಬುದನ್ನು ಬರೆಯಬೇಕಾಗುತ್ತದೆ: ಗೋಪಾಲ ನಾಯ್ಕ, ಮಾಚಾರು, ಡಿಸೆಂಬರ್ ೧೯೯೦.